ಮಂಕರಿಗೂ ಜಾಗ

೧೮ ನವೆಂಬರ್, ಮಂಗಳವಾರ. ಬಿಳಿಗೆರೆ

ಇವತ್ತೂ ಸರ್ವರ್ ನಿಂತೇ ಹೋಯಿತು. ಮೆಮೊರಿ ತುಂಬಿದಾಗ ಆ ಯಂತ್ರದ ಯಜಮಾನ, ಕರ್ನಲ್ ಎಂಬ ಮೂಲ ಪ್ರೋಗ್ರಾಮ್, ಇರುವುದನ್ನು ಡಿಸ್ಕಿಗೆ ಇಳಿಸಿ ಜಾಗ ಮಾಡಿಕೊಳ್ಳಲು ನೋಡುತ್ತದೆ. ಇಳಿಸುವ ಕೆಲಸ ನಾನು ಬರೆದ ಡ್ರೈವರ್ ಎಂಬ ಪ್ರೋಗ್ರಾಮಿನದು. ಅದು ಇಳಿಸುವ ಕೆಲಸಕ್ಕೇ ಒಂದಿಷ್ಟು ಮೆಮೊರಿ ಕೇಳುತ್ತದೆ. ಮೊದಲು ಜಾಗವಾಗಲಿ, ಆಮೇಲೆ ಕೊಡುತ್ತೇನೆ ಎನ್ನುತ್ತದೆ ಕರ್ನಲ್. ಎರಡೂ ಮುಖ ಮುಖ ನೋಡುತ್ತಾ ಕೂತುಬಿಡುತ್ತವೆ. ಹಾಗಾಗಬಾರದೆಂದೇ ಬೇಕಾದ ಮೆಮೊರಿಯನ್ನು ಶುರುವಿನಲ್ಲೇ ತೆಗೆದಿಟ್ಟಿದ್ದೆ. ಆದರೂ ಯಾಕೆ?

ಸಂಜೆ ನಮ್ಮ ಯಜಮಾನರು ಜ್ಞಾನೇಶ್ ಒಣಗಿದ ತೆಂಗಿನಕಾಯಿ ಇಳಿಸಲು ಬಿದಿರಿನ ದೊಡ್ಡ ಬುಟ್ಟಿ, ಮಂಕರಿ, ಹಿಡಿದು ಅಟ್ಟ ಹತ್ತಿದರು. ಅಟ್ಟ ತುಂಬುವಾಗ ಏಣಿಯ ಬಾಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಡುವುದು ನಮ್ಮ ಮನೆಯ ಪದ್ಧತಿ. ಈ ಸಲ ನಾನೇ ನಿಂತು ಬಿಡಿಸಿದ್ದೆ. ಮೇಲಿಂದ ಕತ್ತು ಹೊರಗೆ ಹಾಕಿ ಕೂಗಿದರು:

"ಲೇ ಜೀವಿತಾ, ನಾನೇನೋ ನಿಂತ್ಕಂಡೆ ಕಣೇ. ಮಂಕರಿ ಎಲ್ಲಿಡ್ಲಿ, ನಿನ್ ತಲೆ ಮ್ಯಾಲಾ?"

"ಬ್ಯಾಡ ಬುಡ್ರೀ, ಅಲ್ಲೂ ಜಾಗಿಲ್ಲ" ಅಂದೆ.

ಈಗ ಅಟ್ಟದ ಕೆಳಗೆ ಮಲಗಿಕೊಂಡೇ ಬರೆಯುತ್ತಿದ್ದೇನೆ. ಮೇಲೆ ಇಲಿ ಓಡಿದಾಗೆಲ್ಲ ಕಾಯಿ ಅಲುಗಿ, ಒಳಗಿನ ಕೊಬ್ಬರಿ ಲೊಟಲೊಟ ಅನ್ನುತ್ತದೆ. ಒಳಗೆ ನೀರಾಗಿದ್ದದ್ದು ಕತ್ತಲಲ್ಲಿ ಕೂತೂ ಕೂತೂ ಸದ್ದಾಗಿದೆ. ಕಣ್ಣು ಮುಚ್ಚಿದರೆ ಜ್ಞಾನೇಶ್ ಇನ್ನೂ ಅಲ್ಲೇ ಇದ್ದಾರೆ, ಕೈಯಲ್ಲಿ ಖಾಲಿ ಮಂಕರಿ, ಇಡಲು ಜಾಗವಿಲ್ಲ.

ಡೇಟಾ ಇಳಿಸಲು ಮೆಮೊರಿ ಇಟ್ಟೆ, ಸರಿ. ಇಳಿಸಿದ ಮೇಲೆ ಪ್ರತಿ ಸಲ ಲಾಗ್ ಎಂಬ ದಾಖಲೆ ಕಡತದಲ್ಲಿ ಒಂದು ಸಾಲು ಬರೆಸುತ್ತೇನಲ್ಲ, ಆ ಸಾಲು ತನ್ನ ಮೆಮೊರಿಯನ್ನು ಯಾರ ಹತ್ತಿರ ಕೇಳುತ್ತದೆ?

ಅಯ್ಯೋ, ನನ್ನ ಮಂಕರಿ ಅದೇ. ಈಗಲೇ ಎದ್ದು ಸರಿಮಾಡಬೇಕು. ಕಣ್ಣು ಎಳೆಯುತ್ತಿದೆ. ಇನ್ನೊಂದು ಕಾಯಿ ಅಲುಗಲಿ, ಎದ್ದೇ...