ಪುಕ್ಕಟೆ ಕ್ಷಮೆ

ಮಾರ್ಚ್ ೯, ಸೋಮವಾರ

ತಂಗಿ ತಲೆದಿಂಬಿನಡಿ ಇಟ್ಟುಕೊಳ್ಳುವ ಆ ಮಾಟಗಾತಿಯರ ಕಾದಂಬರಿಯನ್ನು ಇವತ್ತು ಹಲ್ಲು ಕಚ್ಚಿಕೊಂಡು ಓದಿ ಮುಗಿಸಿದೆ. ಎಂಥ ದರಿದ್ರ ಪುಸ್ತಕ! ಎರಡು ಕುಲಗಳ ನಡುವೆ ನೂರು ವರ್ಷದ ಹಗೆ. ಒಂದು ಕುಲದವರು ಇನ್ನೊಂದು ಕುಲದ ಅಜ್ಜಿಯನ್ನು ಜೀವಂತವಾಗಿ ಸುಟ್ಟಿದ್ದಾರೆ. ಮೊಮ್ಮಗಳು ಕ್ಷಮಿಸಿಬಿಡುತ್ತಾಳೆ, ಏಕೆಂದರೆ ಸುಟ್ಟವರ ಮನೆಯ ಹುಡುಗನಿಗೆ ಹಸಿರು ಕಣ್ಣು! ತಪ್ಪಾಯಿತು ಎಂದು ಒಬ್ಬರೂ ಬಾಯಿಬಿಡುವುದಿಲ್ಲ.

ಇದನ್ನೋದಿ ನನ್ನ ತಂಗಿ ಕರಗಿದ್ದಾಳೆ. ಹೋದ ವಾರ ಇವಳು ಕೆಲಸ ಮಾಡುವ ಹೊಲಿಗೆ ಅಂಗಡಿಯ ಯಜಮಾನಿ ಗಿರಾಕಿಗಳೆದುರೇ ಇವಳ ಕೆನ್ನೆಗೆ ಬಾರಿಸಿದಳು. ಆಕೆ ಕ್ಷಮೆ ಕೇಳುವ ತನಕ ಮಷೀನು ಮುಟ್ಟುವುದಿಲ್ಲವೆಂದು ಜೊತೆಯವರೆಲ್ಲ ಅಂಗಡಿಯ ಮುಂದೆ ಕೂತಿದ್ದಾರೆ. ಇವಳು ನಾಳೆ ಕೆಲಸಕ್ಕೆ ಹೋಗುತ್ತಾಳಂತೆ.

“ದ್ವೇಷ ಇಟ್ಕೊಂಡ್ರೆ ನಮಗೇ ಶಾಪ ಅಕ್ಕ.”

“ಅದು ಮಾಟಗಾತಿ ಹೇಳಿದ್ದು. ನಿನ್ನ ಕೆನ್ನೆ ಏನು ಹೇಳುತ್ತೆ?”

“ನಿನ್ನ ಸಂಘದ ಕರಪತ್ರ ಓದಬೇಡ ನನ್ನ ಹತ್ರ. ಏಟು ತಿಂದೋಳು ನಾನು, ನೀನಲ್ಲ.”

ಅದೂ ನಿಜವೇ. ಆದರೆ ಇವಳಿಗಾಗಿ ಕೂಲಿ ಬಿಟ್ಟು ಕೂತವರು? ಅವರಿಗೆ ಯಾರ ಹಸಿರು ಕಣ್ಣು ತೋರಿಸುತ್ತಾಳೆ? ನಾಳೆ ಬೆಳಿಗ್ಗೆ ನಾನೂ ಅವರ ಜೊತೆ ಬಾಗಿಲಿಗೆ ಅಡ್ಡ ಕೂರುತ್ತೇನೆ. ನನ್ನನ್ನು ದಾಟಿಕೊಂಡು ಒಳಗೆ ಹೋಗಲಿ, ನೋಡೋಣ. ದಾಟಿಯೇಬಿಟ್ಟರೆ, ನಾಳೆ ರಾತ್ರಿ ಈ ಒಂದೇ ಹೊದಿಕೆಯೊಳಗೆ ನಾವಿಬ್ಬರೂ ಹೇಗೆ ಮಲಗುವುದು?