ಒಂದೇ ಮನೆಗೆ ಎರಡು ಕರಪತ್ರ

ಸೈನಿಕ ಕುಟುಂಬಗಳ ಕಲ್ಯಾಣವನ್ನು ಹೊತ್ತು ಕೂತ ಅಧಿಕಾರಿಗಳೇ,

ತಾವು ಅಚ್ಚು ಹಾಕಿಸಿದ ಎರಡು ಹಾಳೆಗಳಿಂದಾಗಿ ನಾನೂ ನನ್ನ ಗಂಡನೂ ನಲವತ್ತಮೂರು ದಿನ ಒಂದೇ ಸೂರಿನಡಿ ಮೂಕರಾಗಿದ್ದೆವು. ಶತ್ರುವಿನ ಕೈಲೂ ಆಗದ ಕೆಲಸವನ್ನು ಕುರ್ಚಿಯಿಂದ ಏಳದೆ ಸಾಧಿಸಿದ್ದೀರಿ. ಅಭಿನಂದಿಸದಿದ್ದರೆ ನಾನು ಕೃತಘ್ನಳಾದೇನು.

ನಾನು ದರ್ಜಿ. ಬಾಡಿಗೆಯ ಹೊಲಿಗೆ ಯಂತ್ರದಿಂದ ಶುರುಮಾಡಿ, ಈಗ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಅಂಗಡಿ ಇಟ್ಟಿದ್ದೇನೆ. ಅಳತೆ ಪುಸ್ತಕದಲ್ಲಿ ಇಲ್ಲದ್ದನ್ನು ನಂಬುವವಳಲ್ಲ. ಹನ್ನೊಂದು ತಿಂಗಳು ಗಡಿಯಲ್ಲಿದ್ದು ಗಂಡ ಮರಳಿದಾಗ ಸೊಂಟ ನಾಲ್ಕಿಂಚು ಇಳಿದಿತ್ತು. ಬರೆದುಕೊಂಡೆ. ದಿನಕ್ಕೆ ಆಡುವ ಮಾತು ಸರಾಸರಿ ಹದಿನಾಲ್ಕು. ಅದನ್ನೂ ಬರೆದುಕೊಂಡೆ. ‘ಹೂಂ’ ಎಂಬುದನ್ನು ಮಾತೆಂದು ಹಿಡಿಯಬೇಕೋ ಬೇಡವೋ ಎಂಬ ಗೊಂದಲವಿತ್ತು. ದೊಡ್ಡ ಮನಸ್ಸು ಮಾಡಿ ಹಿಡಿದೆ.

ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಎನ್ನುವಿರಿ. ಹೇಗೆ ಕೇಳಲಿ ಮಹಾಶಯರೇ? ಅವರು ಬರುವ ಮುನ್ನ ತಮ್ಮ ಕಚೇರಿ ಹೆಂಡತಿಯರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಗುಲಾಬಿ ಬಣ್ಣದ ಕರಪತ್ರ ಹಂಚಿತ್ತು. ಅದರ ಮೂರನೆಯ ಸೂಚನೆ: “ಕರ್ತವ್ಯದ ಬಗ್ಗೆ ಪ್ರಶ್ನಿಸಬೇಡಿ. ಅವರಾಗಿಯೇ ಮಾತು ತೆಗೆಯುವವರೆಗೆ ತಾಳ್ಮೆಯಿಂದ ಕಾಯಿರಿ.” ಕಾದೆ. ಹಾಕಿದ ಗೆರೆ ದಾಟಿ ಕತ್ತರಿ ಆಡಿಸುವ ಅಭ್ಯಾಸ ನನಗಿಲ್ಲ.

ಆದರೆ ನಾನು ಪೆಡಲ್ ತುಳಿದ ಕೂಡಲೇ ಅವರು ಎದ್ದು ಹೊರಗೆ ನಡೆಯುತ್ತಿದ್ದರು. ಬೀದಿ ತುದಿಯ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂರುವುದು. ನಾನು ಕೆಲಸ ನಿಲ್ಲಿಸಿದರೆ ಒಳಗೆ ಬರುವುದು. ಒಂದು ದಿನ ಇಪ್ಪತ್ತೆರಡು ಸಲ. ನನ್ನ ಮುಖ ಕಂಡರೆ ಅವರಿಗೆ ಆಗುವುದಿಲ್ಲ ಎಂದೇ ತೀರ್ಮಾನಿಸಿದೆ. ಬಟ್ಟೆ ಪೆಟ್ಟಿಗೆಗೆ ತುಂಬಿ, ಒಂದು ಕೋಣೆ ಖಾಲಿ ಮಾಡಿಡಲು ಅಕ್ಕನಿಗೆ ಫೋನನ್ನೂ ಮಾಡಿಯಾಗಿತ್ತು.

ಅತ್ತೆ ನೋಡುವಷ್ಟು ದಿನ ನೋಡಿ ಅಂದರು: “ನಿಮ್ಮಿಬ್ಬರಿಗಿಂತ ಗೋಡೆ ಗಡಿಯಾರ ವಾಸಿ ಕಣಮ್ಮಾ. ಗಂಟೆಗೊಂದು ಸಲ ಆದ್ರೂ ಬಾಯಿ ಬಿಡುತ್ತೆ.”

“ಕಚೇರಿಯವರು ಕಾಯೋಕೆ ಹೇಳಿದಾರೆ ಅತ್ತೆ.”

“ಕಾಯಿ, ಕಾಯಿ. ಅವರೇ ಬಂದು ಸಂಸಾರಾನೂ ಮಾಡಿಕೊಡ್ತಾರೆ.”

ನಲವತ್ತಮೂರನೆಯ ದಿನ ಅವರ ಪ್ಯಾಂಟಿನ ಸೊಂಟ ಚಿಕ್ಕದು ಮಾಡಲು ಕೂತೆ. ಹಿಂಜೇಬಿನಲ್ಲಿ ನೀಲಿ ಕರಪತ್ರ ಸಿಕ್ಕಿತು. ತಮ್ಮದೇ ಮುದ್ರೆ. ಮೂರನೆಯ ಸೂಚನೆ: “ಕಂಡದ್ದನ್ನು ಹೇಳಿ ಪತ್ನಿಯ ಮೇಲೆ ಹೊರೆ ಹಾಕಬೇಡಿ. ಅವರಾಗಿಯೇ ಕೇಳುವವರೆಗೆ ಕಾಯಿರಿ.” ಅದರ ಕೆಳಗೆ ಪೆನ್ಸಿಲಿನ ಗೆರೆ. ನನ್ನ ಗುಲಾಬಿ ಹಾಳೆಯಲ್ಲಿ ನಾನೂ ಅಲ್ಲೇ ಎಳೆದಿದ್ದೆ.

ಎರಡನ್ನೂ ಅವರ ಮುಂದಿಟ್ಟೆ. ಓದಿದರು. ಇನ್ನೊಮ್ಮೆ ಓದಿದರು.

“ನೀನು ಕೇಳ್ತೀಯ ಅಂತ ಕಾಯ್ತಿದ್ದೆ ಕಣೇ.”

“ಈಗ ಕೇಳ್ತಿದೀನಲ್ಲ. ನನ್ನ ಕಂಡ್ರೆ ಯಾಕ್ರೀ ಎದ್ದು ಓಡ್ತೀರಿ?”

“ನಿನ್ನ ಕಂಡು ಅಲ್ಲ ಕಣೇ. ಆ ಮಿಷನ್ ಸದ್ದು... ಗಡಿಯಲ್ಲಿ ಗುಂಡಿನ ಸದ್ದೂ ಹಾಗೇ ಬರ್ತಿತ್ತು. ನಿಲ್ಲಿಸು ಅನ್ನೋದು ಹೇಗೆ? ನಿನ್ನ ಹೊಟ್ಟೆಪಾಡು.”

ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಉಳಿದದ್ದನ್ನೂ ಹೇಳಿದರು. ಅಂದು ನಾನು ಮಾತು ಎಣಿಸಲಿಲ್ಲ.

ತಾವು ನನ್ನ ಗಂಡನನ್ನು ವಿಚಾರಿಸಿದ್ದು ಒಂದೇ ಸಲ, ಹದಿನೈದನೆಯ ದಿನ, ಫೋನಿನಲ್ಲಿ. “ಎಲ್ಲ ಸರಿ ಇದೆಯಲ್ವಾ?” “ಇದೆ ಸರ್.” ಒಂಬತ್ತು ಸೆಕೆಂಡು. ಅಷ್ಟರಲ್ಲಿ ನಾನು ಸೂಜಿಗೆ ದಾರ ಪೋಣಿಸಿ ಮುಗಿಸಿರುವುದಿಲ್ಲ. ತಾವು ಒಬ್ಬರ ಮನಸ್ಸನ್ನೇ ತಪಾಸಣೆ ಮಾಡಿ, ಕಡತದಲ್ಲಿ ‘ತೊಂದರೆ ಇಲ್ಲ’ ಎಂದು ಬರೆದು ಮುಗಿಸಿದಿರಿ! ಈಗ ಮನೋವೈದ್ಯರಿಗೆ ತೋರಿಸಲು ಚೀಟಿ ಕೇಳಿದರೆ, ತೊಂದರೆ ಇಲ್ಲದವರಿಗೆ ಚೀಟಿ ಇಲ್ಲ ಎನ್ನುತ್ತಾರೆ ತಮ್ಮ ಗುಮಾಸ್ತರು. ‘ನನ್ನ ಕೈಲಿ ಆಗ್ತಿಲ್ಲ, ಹೋಗೋಣ’ ಎಂದು ನನ್ನ ಗಂಡ ತಾವಾಗಿಯೇ ಹೇಳಿದ್ದಾರೆ. ಇಷ್ಟು ಧೈರ್ಯಕ್ಕೆ ತಮ್ಮಲ್ಲಿ ಪದಕವೇನಾದರೂ ಇದೆಯೇ? ಬೇಡ, ಚೀಟಿ ಸಾಕು.

ಆದ್ದರಿಂದ ಕಡತದಲ್ಲಿರುವ ‘ತೊಂದರೆ ಇಲ್ಲ’ ಎಂಬ ಆ ಎರಡು ಪದಗಳನ್ನು ಈ ವಾರವೇ ಹೊಡೆದುಹಾಕಿ. ಗುಲಾಬಿ, ನೀಲಿ ಎರಡನ್ನೂ ಹಿಂಪಡೆದು, ಮುಂದಿನ ತುಕಡಿ ಮರಳಿದಾಗ ಗಂಡ ಹೆಂಡತಿಯರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಇಬ್ಬರ ಕೈಗೂ ಒಂದೇ ಹಾಳೆ ಕೊಡಿ. ಅದರಲ್ಲಿ ಏನೂ ಅಚ್ಚಾಗಿರದಿದ್ದರೆ ಇನ್ನೂ ಒಳ್ಳೆಯದು.

ನಮ್ಮಲ್ಲಿ ಈಗ ಪೆಡಲ್ ತುಳಿಯುವ ಮುನ್ನ “ಶುರು ಮಾಡ್ಲಾ?” ಎಂದು ಕೇಳುತ್ತೇನೆ. ನಿನ್ನೆ ಅವರು ಕಟ್ಟೆಯವರೆಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತರು.

ಇಂತಿ,
ತಮ್ಮ ಕಡತದ ಪ್ರಕಾರ ಇಲ್ಲದಿರುವ
ತೊಂದರೆ