ಹುಳದ ಮನೆಯ ಮಳೆ

ಮುಳಬಾಗಿಲು, ಭಾನುವಾರ

ದೊಡ್ಡಮ್ಮನಿಗೆ ಕದಿರೇಶನ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. "ಹುಳದ ಮನೆಯೊಳಕ್ಕೆ ಫೋನ್ ತಂದ್ರೆ ಕಾಲು ಮುರೀತೀನಿ ಕಣೋ" ಅಂದಿದ್ದಿರಿ. ಆದರೂ ಒಯ್ದೆ, ಸಿಕ್ಕಿಬಿದ್ದೆ. ತಪ್ಪಾಯಿತು. ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ನನಗೆ ಬೇಕಿತ್ತು.

ನಾನು ಮಾಡುತ್ತಿರುವ ವಿಡಿಯೋ ಗೇಮ್‌ನಲ್ಲಿ ಒಬ್ಬ ಹುಡುಗಿ ಮಳೆ ಹುಡುಕಿಕೊಂಡು ಬೆಟ್ಟ ಹತ್ತುತ್ತಾಳೆ. ಮಳೆಯ ಸದ್ದು ಕೊಳ್ಳಲು ದುಡ್ಡಿರಲಿಲ್ಲ, ನಮ್ಮ ಕಡೆ ಮಳೆಗೆ ಕಾದು ಕೂರುವಂತೆಯೂ ಇರಲಿಲ್ಲ. ನಿಮ್ಮ ಹುಳುಗಳು ಮೇಯುವ ಸದ್ದು ಥೇಟ್ ಮಳೆಯಂತೆಯೇ ಕೇಳುತ್ತದಲ್ಲ, ಅದನ್ನೇ ಹಾಕಿದೆ. ಅದನ್ನು ಕೇಳಿ ಮುನ್ನೂರು ಜನ, ಗೇಮ್ ಮುಗಿಸು ಎಂದು ಆನ್‌ಲೈನ್‌ನಲ್ಲಿ ಚಂದಾ ಕೊಟ್ಟಿದ್ದಾರೆ. ಇದು ಯಾವೂರ ಮಳೆ ಎಂದು ಕೇಳುತ್ತಿದ್ದಾರೆ. ನಾನಿನ್ನೂ ಹೇಳಿಲ್ಲ.

ಬೇಡವೆಂದರೆ ಆ ಸದ್ದನ್ನು ತೆಗೆದುಬಿಡುತ್ತೇನೆ. ಒಪ್ಪಿದರೆ, ಆಟದ ಕೊನೆಯಲ್ಲಿ ದುಡಿದವರ ಹೆಸರು ಬರುವಾಗ ನಿಮ್ಮ ಹೆಸರನ್ನೂ ಹೀಗೆ ಬರೆಯುತ್ತೇನೆ:

ಮಳೆ: ಚಿಕ್ಕಗಂಗಮ್ಮ, ತಾಯಲೂರು.

ನಿಮ್ಮ
ಕದಿರೇಶ